ಬರಿಗೈ ತಾಗಬಾರದ ಕಬ್ಬಿಣ

ಹೊಸ ಬಣ್ಣ ಹೊಡೆದ ಸೈಕಲ್ಲು ಕಂಡರೆ ಜನ ಬಣ್ಣವನ್ನು ಹೊಗಳುತ್ತಾರೆ. ಹಳೆಯ ಬಣ್ಣವನ್ನು ತೆಗೆದವರು ಯಾರು ಎಂದು ಕೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ನಾನೂ ಕೇಳಿದವನಲ್ಲ. ಔರಂಗಾಬಾದಿನ ಗುಲ್ಮಂಡಿಯ ಹಿಂದಿನ ವಾಡೆಯೊಂದರಲ್ಲಿ, ಪಾರ್ವತಿಬಾಯಿಯವರ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಹೋಗದಿದ್ದರೆ ನನಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ನಾನು ಸುಧಾಕರ, ಕುಂದಾಪುರದ ಕಡೆಯವನು. ನಾಸಿಕದ ಪಂಚವಟಿಯಲ್ಲಿ ಭುಜಂಗಣ್ಣನ ಹೋಟೆಲಿನ ಗಲ್ಲಾದಲ್ಲಿ ಎರಡು ವರ್ಷ ಕೂತಿದ್ದೆ. ಚಿಕಲಠಾಣಾದಲ್ಲಿ ಕಾರ್ಖಾನೆಗಳು ಏಳುತ್ತಿವೆ, ಅಲ್ಲಿನವರಿಗೂ ಇಡ್ಲಿ ಬೇಕು ಎಂದು ಅವನು ಅರುವತ್ತೇಳರಲ್ಲಿ ನನ್ನನ್ನು ಔರಂಗಾಬಾದಿನ ಹೊಸ ಹೋಟೆಲಿಗೆ ಸಾಗಹಾಕಿದ. ವಾಡೆಯ ಅಂಗಳದಲ್ಲಿ ಒಂದು ಬೇವಿನ ಮರ, ಒಂದು ನಲ್ಲಿ, ಸುತ್ತ ಆರು ಬಿಡಾರ. ಆರರಲ್ಲಿ ಕನ್ನಡ ಕೇಳುತ್ತಿದ್ದದ್ದು ನನ್ನ ಕೆಳಗಿನ ಮನೆಯಲ್ಲಿ ಮಾತ್ರ. ಭಾಲ್ಕಿಯ ಕಡೆಯ ವಿಶ್ವನಾಥಪ್ಪ, ಅವರ ಹೆಂಡತಿ ಪಾರ್ವತಿಬಾಯಿ. ಮಕ್ಕಳಿರಲಿಲ್ಲ. ಹದಿನೈದು ವರ್ಷಕ್ಕೆ ಮದುವೆಯಾಗಿ ಆಕೆ ಇಲ್ಲಿಗೆ ಬಂದಾಗ ಭಾಲ್ಕಿಯೂ ಔರಂಗಾಬಾದೂ ಒಂದೇ ರಾಜ್ಯದ ಊರುಗಳು. ಆಮೇಲೆ ನಡುವೆ ಗೆರೆ ಬಿತ್ತು, ಆಕೆ ಕೂತಲ್ಲೇ ಪರರಾಜ್ಯದವರಾದರು.

ಮೊದಲ ದಿನ ನನ್ನ ಮಾತು ಕೇಳಿ ಆಕೆ, "ನೀವು ಪುಸ್ತಕ ಓದಿದಂಗ ಮಾತಾಡತೀರಲ್ರಿ. ಹಸಿವಾದಾಗನೂ ಹಿಂಗೇ ಕೇಳತೀರೇನು?" ಎಂದು ನಕ್ಕರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ. ಆಕೆ ಕೊಟ್ಟ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದ ಮೇಲೆ ಇಳಿಯಿತು.

ವಿಶ್ವನಾಥಪ್ಪ ಲಾರಿಗಳಿಗೆ ಬಾಡಿ ಕಟ್ಟುವ ಕಡೆ ಬಣ್ಣ ಹೊಡೆಯುವ ಕೆಲಸದಲ್ಲಿದ್ದರು. ಭಾನುವಾರ ಅವರಿವರ ಸೈಕಲ್ಲು ತಂದು ಮನೆಯಲ್ಲೇ ಬಣ್ಣ ಮಾಡಿಕೊಡುತ್ತಿದ್ದರು. ಸೊಳ್ಳೆಗೆ ಔಷಧಿ ಹೊಡೆಯುವ ಫ್ಲಿಟ್ ಪಂಪಿನಲ್ಲಿ ತೆಳು ಮಾಡಿದ ಬಣ್ಣ ತುಂಬಿ, ಬೇವಿನ ಕೊಂಬೆಗೆ ನೇತುಹಾಕಿದ ಫ್ರೇಮಿಗೆ ಫುಸ್ ಫುಸ್ ಎಂದು ಹೊಡೆದರೆ, ಮಧ್ಯಾಹ್ನದ ಹೊತ್ತಿಗೆ ಹೊಸ ಸೈಕಲ್ಲು. ಗುಲ್ಮಂಡಿಯಲ್ಲಿ ಅವರ ಬಣ್ಣಕ್ಕೆ ಹೆಸರಿತ್ತು, ಎಷ್ಟು ವರ್ಷವಾದರೂ ಏಳುವುದಿಲ್ಲ ಎಂದು.

ಏಳದಿರುವುದಕ್ಕೆ ಕಾರಣ ಶನಿವಾರ ಮಧ್ಯಾಹ್ನವೇ ಮುಗಿದಿರುತ್ತಿತ್ತು, ಮತ್ತು ಅದು ಪಾರ್ವತಿಬಾಯಿಯವರ ಪಾಲಿನ ಕೆಲಸ. ಎಲೆಗೆ ಹಚ್ಚುವ ಸುಣ್ಣ, ಬಟ್ಟೆ ಒಗೆಯುವ ಸೋಡಾ, ಜೋಳದ ಹಿಟ್ಟಿನ ಗಂಜಿ ಇಷ್ಟನ್ನು ಮಣ್ಣಿನ ಮಡಕೆಯಲ್ಲಿ ಕುದಿಸಿದರೆ ಬಿಳಿಯ ಅಂಬಲಿಯಂಥದೊಂದು ಆಗುತ್ತದೆ. ನೋಡಲು ಪಾಪದ್ದು. ಬೆರಳಿಗೆ ತಾಗಿದರೆ ಚರ್ಮವನ್ನೇ ಸುಡುತ್ತದೆ. ಆಕೆ ಸೈಕಲ್ಲಿನ ಹಳೆ ಟ್ಯೂಬನ್ನು ಕತ್ತರಿಸಿ ಕೈಗೆ ತೊಟ್ಟುಕೊಂಡು, ಅದನ್ನು ಫ್ರೇಮಿಗೆ ದಪ್ಪಗೆ ಮೆತ್ತಿ, ಒದ್ದೆ ಗೋಣಿ ಹೊದಿಸಿ ನೆರಳಿನಲ್ಲಿಡುತ್ತಿದ್ದರು. ಎರಡು ತಾಸಿಗೆ ಹಳೆಯ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತಿತ್ತು. ಅದನ್ನು ತೆಂಗಿನ ಚಿಪ್ಪಿನ ಅಂಚಿನಿಂದ ಕೆರೆಯಬೇಕು, ಚಾಕುವಿನಿಂದ ಕೆರೆದರೆ ಕಬ್ಬಿಣಕ್ಕೆ ಗಾಯ. ಚಿಪ್ಪನ್ನು ಹೋಟೆಲಿನಿಂದ ತಂದುಕೊಡುತ್ತಿದ್ದವನು ನಾನು. ಕೊಳವೆಗಳು ಕೂಡುವ ಸಂದಿಯಲ್ಲಿ ಚಿಪ್ಪು ಹೋಗುವುದಿಲ್ಲ. ಅಲ್ಲಿಗೆ ಕತ್ತದ ಹಗ್ಗ ಸುತ್ತಿ, ಮಜ್ಜಿಗೆ ಕಡೆದಂತೆ ಇಬ್ಬರು ಆಚೆ ಈಚೆ ಎಳೆಯಬೇಕು. ವಿಶ್ವನಾಥಪ್ಪನವರಿಗೆ ಶನಿವಾರವೂ ಡ್ಯೂಟಿ, ಆದ್ದರಿಂದ ಹಗ್ಗದ ಇನ್ನೊಂದು ತುದಿ ನನ್ನ ಪಾಲು. ಕಡೆಗೆ ಹುಣಸೆ ನೀರು, ಬರಿ ನೀರು, ಒಣ ಬಟ್ಟೆ, ಉಜ್ಜುಕಾಗದ, ಟರ್ಪೆಂಟೈನು. ಅಷ್ಟಾದ ಮೇಲೆ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ. ಒಮ್ಮೆ ನಾನು ಮರೆತು ಹಿಡಿದೆ.

"ಬಿಡ್ರಿ, ಬಿಡ್ರಿ. ಬೋಳು ಕಬ್ಬಿಣ ಅಂದ್ರ ನಿಮ್ಮ ಕಡಿ ಮಡಿ ಉಟ್ಟ ಮುದುಕಿ ಇದ್ದಂಗ. ಬೆವರಿನ ಕೈ ತಾಗ್ತು ಅಂದ್ರ ಮತ್ತ ಮೊದಲಿಂದ ಜಳಕ ಮಾಡಸಬೇಕು," ಎಂದು ಆಕೆ ಇಡೀ ಕೊಳವೆಯನ್ನು ನನ್ನ ಕೈಯಲ್ಲೇ ಮತ್ತೆ ಉಜ್ಜಿಸಿದರು.

ಎಪ್ಪತ್ತರ ಬೇಸಿಗೆಯಲ್ಲಿ ವಿಶ್ವನಾಥಪ್ಪನವರಿಗೆ ಕಾಮಾಲೆಯಾಯಿತು. ಮೂರು ವಾರದಲ್ಲಿ ಹೋಗಿಬಿಟ್ಟರು. ಒಳ್ಳೆಯ ಮನುಷ್ಯ, ಈಗಲೂ ನೆನೆದರೆ ಸಂಕಟವಾಗುತ್ತದೆ. ಆಕೆಯ ಅಣ್ಣ ಮನ್ಮಥಪ್ಪ ಭಾಲ್ಕಿಯಲ್ಲಿ ಕಾಳಿನ ವ್ಯಾಪಾರಿ. ಬಂದು, ಎಲ್ಲ ಕಾರ್ಯ ಮುಗಿಸಿ, "ದಸರಾಕ್ಕ ಬಂದು ಕರಕೊಂಡು ಹೋಗತೀನವ್ವ. ಒಬ್ಬಾಕಿ ಇಲ್ಲಿ ಯಾಕ?" ಎಂದು ಹೇಳಿ ಹೋದ. ಕೇಡು ಬಗೆಯುವ ಅಣ್ಣನಲ್ಲ. ಅದೇ ತೊಂದರೆಯಾಗಿತ್ತು. ಕೆಟ್ಟವನಾಗಿದ್ದರೆ ಒಂದು ಮಾತಿನಲ್ಲಿ ಒಲ್ಲೆ ಎನ್ನಬಹುದಿತ್ತು.

"ಅಣ್ಣನ ಮನ್ಯಾಗ ಹೊಟ್ಟಿಗೇನು ಕಮ್ಮಿ ಇಲ್ರಿ," ಎಂದರು ಆಕೆ ನನ್ನೊಡನೆ. "ವೈನಿ ಹತ್ರ ಕುಂತು ಕಾಳು ಹಸನ ಮಾಡಕೋತ ಇರಬೇಕು. ಮೂವತ್ತಾರು ವರ್ಷ ಆಗ್ಯಾವ ನನಗ. ಇನ್ನ ಮೂವತ್ತು ವರ್ಷ ಕಾಳು ಹಸನ ಮಾಡಬೇಕೇನು?" ವೈನಿ ಎಂದರೆ ಅತ್ತಿಗೆ, ಮನ್ಮಥಪ್ಪನ ಹೆಂಡತಿ. ಆಮೇಲೆ, "ಈ ಕೆಲಸದಾಗ ಅರ್ಧ ನನ್ನ ಕೈಯಾಗೇ ಅದಾ. ಉಳಿದ ಅರ್ಧ ಬಂತಂದ್ರ ಇಲ್ಲೇ ಇರತಿದ್ದೆ," ಎಂದರು.

ಉಳಿದ ಅರ್ಧವೆಂದರೆ ಆ ಪಂಪು. ಹದಿನೆಂಟು ವರ್ಷದಲ್ಲಿ ಆಕೆ ಅದನ್ನು ಒಮ್ಮೆಯೂ ಒತ್ತಿರಲಿಲ್ಲ. ಮೊದಲು ನೀಲಿ ನೀರು ತುಂಬಿ ಬಚ್ಚಲಿನ ಗೋಡೆಯ ಮೇಲೆ ಅಭ್ಯಾಸ ಶುರುವಾಯಿತು. ಪಂಪು ಕೆಮ್ಮಿತು, ಉಗುಳಿತು, ಗೋಡೆಯುದ್ದಕ್ಕೂ ಮೋಡಗಳೆದ್ದವು. ವಾಡೆಯ ಒಡತಿ ಶಾಂತಾಬಾಯಿ ಬಂದು ಮರಾಠಿಯಲ್ಲಿ ಆಡಬಾರದ್ದೆಲ್ಲ ಆಡಿದಳು. ಪಾರ್ವತಿಬಾಯಿ ಗೋಡೆಗೆ ಸುಣ್ಣ ಬಳಿದುಕೊಟ್ಟು, ಮರುದಿನ ಅದೇ ಸುಣ್ಣದ ಮೇಲೆ ಮತ್ತೆ ಅಭ್ಯಾಸ ಮಾಡಿದರು. ಹತ್ತನೆಯ ದಿನ ಕೈಗೆ ಗುಟ್ಟು ಸಿಕ್ಕಿತು. ಪಂಪು ಒತ್ತುವಾಗ ತೋಳು ನಿಲ್ಲಕೂಡದು, ನಿಂತಲ್ಲಿ ಬಣ್ಣ ಸುರಿಯುತ್ತದೆ. "ರೊಟ್ಟಿ ಬಡಿವಾಗ ಕೈ ನಿಲ್ಲಸತೀವೇನು, ಹಂಗೇ ಇದೂ," ಎಂದು ತಮಗೇ ಹೇಳಿಕೊಂಡರು.

ಗಿರಾಕಿಯನ್ನು ಹುಡುಕಿಕೊಟ್ಟವನು ನಾನು. ಪೈಠಣ ಗೇಟಿನ ಹತ್ತಿರ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದ ಹರಿದಾಸ ನಮ್ಮ ಹೋಟೆಲಿಗೆ ದಿನಾ ಚಹಾಕ್ಕೆ ಬರುತ್ತಿದ್ದ. ನಾಸಿಕದ ಮರಾಠಿಯವನು. ಅವನ ಹನ್ನೆರಡು ಸೈಕಲ್ಲುಗಳೂ ತುಕ್ಕು ತಿಂದು, ದಸರೆಗೆ ಮೊದಲು ಹೊಸದಾಗಬೇಕಿತ್ತು. ವಿಶ್ವನಾಥಪ್ಪನವರ ಹೆಂಡತಿ ಮಾಡುತ್ತಾರೆ ಎಂದಾಗ ಅವನು ಚಹಾದ ಬಶಿಯಿಂದ ಮುಖವನ್ನೇ ಎತ್ತಲಿಲ್ಲ. ಮೂರು ದಿನ ತಲೆ ತಿಂದ ಮೇಲೆ ಒಪ್ಪಿದ. ಮೊದಲು ಒಂದು ಸೈಕಲ್ಲು ಕೊಡುತ್ತೇನೆ. ಎಂಟು ದಿನ ಬಾಡಿಗೆಗೆ ಬಿಡುತ್ತೇನೆ. ಬಣ್ಣ ನಿಂತರೆ ಹನ್ನೊಂದೂ ಆಕೆಗೆ, ಮುಂದೆ ಬರುವುದೂ ಆಕೆಗೆ ಎಂದ. ಬಾಡಿಗೆ ಸೈಕಲ್ಲೆಂದರೆ ಒಡೆಯನಿಲ್ಲದ ಎತ್ತಿನ ಪಾಡು. ಅದರ ಮೇಲೆ ಎಂಟು ದಿನ ನಿಂತ ಬಣ್ಣ ಎಂಟು ವರ್ಷ ನಿಂತಂತೆ.

ಆ ಸೈಕಲ್ಲನ್ನು ಆಕೆ ಬೋಳು ಮಾಡಿದ ಬಗೆಯನ್ನು ನಾನು ಮರೆಯುವುದಿಲ್ಲ. ಕಪ್ಪಿನ ಕೆಳಗೆ ಹಸಿರು, ಹಸಿರಿನ ಕೆಳಗೆ ಮತ್ತೆ ಕಪ್ಪು, ಹಿಂದಿನವರು ಒಂದರ ಮೇಲೊಂದು ಬಳಿದಿದ್ದರು. ಮೂರು ಸಲ ಅಂಬಲಿ ಮೆತ್ತಿ, ಮೂರು ಸಲ ಕೆರೆದು, ಭಾನುವಾರ ಸಂಜೆಗೆ ಫ್ರೇಮು ತೊಳೆದ ತಟ್ಟೆಯಂತಾಯಿತು. ಗಂಡನಿದ್ದಾಗ ಬೋಳು ಫ್ರೇಮನ್ನು ಬೇವಿನ ಮರಕ್ಕೇ ನೇತುಹಾಕಿ ಬಿಡುತ್ತಿದ್ದರು. ಈಗ ಒಂಟಿ ಹೆಂಗಸು, ಪರರ ಸೊತ್ತು, ಹೋದರೆ ಹೇಳುವುದೇನು ಎಂದು ಬಟ್ಟೆಯಲ್ಲಿ ಹಿಡಿದು ಮನೆಯೊಳಗೆ ಒಯ್ದು ಬಾಗಿಲ ಪಕ್ಕ ಒರಗಿಸಿಟ್ಟರು. ಸೋಮವಾರ ಬೆಳಿಗ್ಗೆ ಜಳಕ, ಪೂಜೆ ಮುಗಿಸಿ ಫ್ರೇಮನ್ನು ಮರಕ್ಕೆ ತಂದು ಕಟ್ಟಿದರು. ಮೊದಲು ಬಣ್ಣದ ಅಡಿಯ ಕೆಂಪು ಅಸ್ತರು, ಮರುದಿನ ನವಿಲು ನೀಲಿ. ತೋಳು ಎಲ್ಲಿಯೂ ನಿಲ್ಲಲಿಲ್ಲ. ಶಾಂತಾಬಾಯಿ ಕೂಡ ಬಂದು ನೋಡಿ, ಏನೂ ಬೈಯದೆ ಹೋದಳು. ಅದಕ್ಕಿಂತ ದೊಡ್ಡ ಹೊಗಳಿಕೆ ಆ ವಾಡೆಯಲ್ಲಿ ಇರಲಿಲ್ಲ.

ಬಾಡಿಗೆಗೆ ಬಿಟ್ಟ ಆರನೆಯ ದಿನ, ಶುಕ್ರವಾರ, ಹರಿದಾಸ ಸೈಕಲ್ಲನ್ನು ತಳ್ಳಿಕೊಂಡು ವಾಡೆಗೆ ಬಂದ. ಮೇಲಿನ ಕೊಳವೆಯಲ್ಲಿ, ಹ್ಯಾಂಡಲಿಗೆ ಸ್ವಲ್ಪ ಹಿಂದೆ, ಅಂಗೈಯಗಲ ಬಣ್ಣ ಸಿಪ್ಪೆ ಎದ್ದಿತ್ತು.

"ಬಾಯಿ, ರಾಗ ಮಾನೂ ನಕಾ," ಎಂದ, ಸಿಟ್ಟಾಗಬೇಡಿ ಎಂದು. ಉಳಿದ ಹನ್ನೊಂದನ್ನು ಬೇರೆ ಕಡೆ ಕೊಡುತ್ತೇನೆ ಎಂದೂ ಹೇಳಿದ. ಪಾರ್ವತಿಬಾಯಿ ಸೈಕಲ್ಲನ್ನು ಒಂದು ದಿನ ಬಿಟ್ಟುಹೋಗಿ ಎಂದಷ್ಟೇ ಕೇಳಿದರು. ಅವತ್ತಿನ ಅಂಚೆಯಲ್ಲೇ ಮನ್ಮಥಪ್ಪನ ಕಾಗದ ಬಂದಿತ್ತು, ಬುಧವಾರ ಬರುತ್ತೇನೆ, ಪಾತ್ರೆ ಪಗಡ ಕಟ್ಟಿಡು ಎಂದು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಸಂಜೆ ಆಕೆ ನೆಲವನ್ನಷ್ಟೇ ಅಲ್ಲ, ಆಕಾಶವನ್ನೂ ಬಿಡಲಿಲ್ಲ. ಬಣ್ಣದ ಅಂಗಡಿಯವನು ಹಳೆ ಡಬ್ಬಿ ಕೊಟ್ಟಿದ್ದಾನೆ. ಶಾಂತಾಬಾಯಿ ಮೆಣಸಿನಕಾಯಿ ಒಗ್ಗರಣೆ ಹಾಕಿ ಹೊಗೆ ಬಿಟ್ಟಿದ್ದಾಳೆ. ನಾನು ಮುಟ್ಟಿದ್ದೇನೆ ಎಂದೂ ಆಯಿತು. ನಾನು ಮುಟ್ಟಿರಲಿಲ್ಲ. ನನಗೂ ಸಿಟ್ಟು ಬಂದು, ತೋಳು ನಡುಗಿರಬೇಕು, ಹೆಂಗಸಿನ ಕೈ ಎಂದುಬಿಟ್ಟೆ. ಆ ಮಾತಿಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಆಕೆ ಒಳಗೆ ಹೋದರು. ಮನೆಯೊಳಗೆ ಪಾತ್ರೆಗಳನ್ನು ಒಂದರೊಳಗೊಂದು ಇಡುವ ಸದ್ದು ಕೇಳಿತು. ಕಟ್ಟಿಡಲು ಶುರು ಮಾಡಿದ್ದರು.

ಶನಿವಾರ ಬೆಳಿಗ್ಗೆ ನಾನು ನೀರಿಗೆಂದು ಕೊಡ ಹಿಡಿದು ಕೆಳಗಿಳಿದೆ, ಕ್ಷಮೆ ಕೇಳುವ ಧೈರ್ಯ ಬಂದರೆ ಕೇಳೋಣ ಎಂದು. ಬಾಗಿಲು ತೆರೆದಿತ್ತು. ಪಾರ್ವತಿಬಾಯಿ ಜಳಕ ಮಾಡಿ ಬಂದು, ಲಿಂಗಪೂಜೆ ಮುಗಿಸಿ, ವಿಭೂತಿಗಟ್ಟಿಯನ್ನು ಒದ್ದೆ ಅಂಗೈಯಲ್ಲಿ ತೇದು ಹಣೆಗೆ ಮೂರು ಬೆರಳು ಎಳೆದುಕೊಂಡರು. ಬೆರಳಲ್ಲಿ ಉಳಿದದ್ದನ್ನು ಒಲೆಗೆ ಎಳೆದರು, ಬೀಸುವ ಕಲ್ಲಿಗೆ ಎಳೆದರು, ಬಾಗಿಲ ಚೌಕಟ್ಟಿಗೆ ಎಳೆದರು. ಅವರ ತಾಯಿ ಹಾಗೆ ಮಾಡುತ್ತಿದ್ದರು, ಅಜ್ಜಿ ಹಾಗೆ ಮಾಡುತ್ತಿದ್ದರು, ಮನೆಯಲ್ಲಿ ದುಡಿಯುವ ವಸ್ತುವಿಗೆಲ್ಲ ದಿನಾ ಒಂದು ಪಾಲು. ನಾನೇ ಮೂರು ವರ್ಷದಿಂದ ನೋಡುತ್ತಿದ್ದೆ. ಕುಂಕುಮ ಹೋದ ಮೇಲೆ ಆಕೆಯ ಹಣೆಗೆ ಉಳಿದದ್ದೂ ಅದೊಂದೇ.

ಚೌಕಟ್ಟು ಮುಗಿಸಿದ ಕೈ ತನ್ನಷ್ಟಕ್ಕೆ ಪಕ್ಕದಲ್ಲಿ ಒರಗಿದ್ದ ಸೈಕಲ್ಲಿನ ಕಡೆ ಹೊರಟಿತು. ಕೊಳವೆಗೆ ಒಂದು ಗೇಣು ಇದೆ ಎನ್ನುವಾಗ ನಿಂತಿತು.

ಆಕೆ ಕೈಯನ್ನು ನೋಡಿದರು. ಸಿಪ್ಪೆ ಎದ್ದ ಜಾಗವನ್ನು ನೋಡಿದರು. ಆಮೇಲೆ ಕೂತುಕೊಂಡು, ಉಳಿದಿದ್ದ ಸಿಪ್ಪೆಯನ್ನು ಉಗುರಿನಿಂದ ನಿಧಾನವಾಗಿ ಎಬ್ಬಿಸಿದರು. ಕೆಳಗಿನ ಕಬ್ಬಿಣದ ಮೇಲೆ ಮೂರು ಮಬ್ಬು ಗೆರೆ. ಬೂದಿಬಣ್ಣದ ಕಬ್ಬಿಣದ ಮೇಲೆ ಬೂದಿ ಕಾಣುವುದಾದರೂ ಹೇಗೆ, ಅದೂ ಬೋಳು ಫ್ರೇಮು ಇದೇ ಬಾಗಿಲ ಪಕ್ಕ ಒರಗಿದ್ದ ಸೋಮವಾರದ ಆ ಗಡಿಬಿಡಿಯಲ್ಲಿ. ಆಕೆ ತಮ್ಮ ಮೂರು ಬೆರಳನ್ನು ಆ ಗೆರೆಗಳ ಮೇಲಿಟ್ಟರು. ಸರಿಯಾಗಿ ಕೂತವು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

"ನಾನೇ ಮುಟ್ಟೀನ್ರಿ," ಎಂದರು. "ಊರ ಮಂದಿಗೆಲ್ಲ ಕೈ ಹಚ್ಚಬ್ಯಾಡ್ರಿ ಅಂತ ಹೇಳಕೋತ, ನಾನೇ ಹಚ್ಚೀನಿ." ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು. ಅಷ್ಟು ದಿನದಲ್ಲಿ ಆಕೆಯ ಮುಖ ಅಷ್ಟು ಹಗುರಾದದ್ದನ್ನು ನಾನು ಕಂಡಿರಲಿಲ್ಲ. ತಪ್ಪು ತೋಳಿನದಲ್ಲ, ಕೆಲಸದ್ದಲ್ಲ ಎಂದು ಗೊತ್ತಾಗಿತ್ತು.

ಹರಿದಾಸನ ಅಂಗಡಿಗೆ ಹೋಗುವ ದಾರಿಯಲ್ಲಿ ನಾನು ಬುದ್ಧಿ ಹೇಳಿದೆ. ಡಬ್ಬಿ ಕೆಟ್ಟದ್ದಿತ್ತು ಎನ್ನೋಣ, ಗಂಡಸರ ವ್ಯವಹಾರದಲ್ಲಿ ವಿಭೂತಿ ಗಿಭೂತಿ ಎಂದರೆ ನಗುತ್ತಾರೆ ಎಂದೆ.

"ಡಬ್ಬಿ ಕೆಟ್ಟಿದ್ರ ಮುಂದಿನ ಸೈಕಲ್ಲೂ ಕೆಡತದ ಅಂತಾನ," ಎಂದರು ಆಕೆ. "ಖರೆ ಹೇಳಿದ್ರ ಕೆಡಂಗಿಲ್ಲ ಅಂತ ಗೊತ್ತಾಗತದ. ನಗಲಿ ಬಿಡ್ರಿ."

ಮರಾಠಿಯಲ್ಲಿ ಶುರು ಮಾಡಿದವರು ಅವಸರದಲ್ಲಿ ಕನ್ನಡಕ್ಕೆ ಜಾರಿದರು. ಉಳಿದದ್ದನ್ನು ನಾನು ಮರಾಠಿ ಮಾಡಿ ಹೇಳಿದೆ. ಹರಿದಾಸ ನಗಲಿಲ್ಲ. ಸೊಂಟದಿಂದ ಬೀಗದ ಕೈಗೊಂಚಲು ತೆಗೆದು ಕೊಳವೆಯ ಬೇರೆ ಕಡೆ ಕೆರೆದ. ಕೆಳಗಿನ ಕೊಳವೆ, ಹಿಂದಿನ ಕವಲು, ಸಂದಿ, ಎಲ್ಲ ಕಡೆ ಒತ್ತಿ ಒತ್ತಿ ಕೆರೆದ. ಗೆರೆ ಬಿತ್ತು, ಸಿಪ್ಪೆ ಏಳಲಿಲ್ಲ. ಕೀಲಿ ತುದಿಯ ಮೇಲೆ ಉಗುಳು ಹಚ್ಚಿ ಇನ್ನೊಮ್ಮೆ ಕೆರೆದ. ಆರು ದಿನ ಊರವರೆಲ್ಲ ಏರಿ ಇಳಿದ ಸೈಕಲ್ಲು, ಸಂದಿಯಲ್ಲಿ ಕೂಡ ಬಣ್ಣ ಕಚ್ಚಿಕೊಂಡು ಕೂತಿತ್ತು.

"ದೇವರು ಮುಟ್ಟಿದ ಕಡೆ ಮಾತ್ರ ಎದ್ದಿದೆ," ಎಂದ ಅವನು. ಆಮೇಲೆ, "ಹಾಗಾದರೆ ವಿಭೂತಿ ಬಿಡುತ್ತೀರೋ?" ಎಂದು ಕೇಳಿದ.

"ಬಿಡಂಗಿಲ್ರಿ. ಬಣ್ಣ ಒಣಗಿದ ಮ್ಯಾಲ ಹಚ್ಚತೀನಿ. ದೇವರಿಗೇನು ಅವಸರ ಇಲ್ಲ."

ಇದನ್ನು ನಾನು ಮರಾಠಿ ಮಾಡಬೇಕಾಗಲಿಲ್ಲ, ಅವನಿಗೆ ಅರ್ಥವಾಯಿತು. ಮೊದಲು ಇದೊಂದನ್ನು ಸರಿ ಮಾಡಿ ಎಂದ. ಭಾನುವಾರವೇ ಸರಿಯಾಯಿತು. ಸೋಮವಾರ ನಾಲ್ಕು ಸೈಕಲ್ಲು ವಾಡೆಗೆ ಬಂದವು. ಉಳಿದ ಏಳು ಸಾಲಿನಲ್ಲಿದ್ದವು.

ಬುಧವಾರ ಮಧ್ಯಾಹ್ನ ಮನ್ಮಥಪ್ಪ ಬಂದ. ತಲೆಯ ಮೇಲೆ ಹಸಿರು ಬಣ್ಣದ ಖಾಲಿ ತಗಡಿನ ಟ್ರಂಕು, ತಂಗಿಯ ಸಾಮಾನು ತುಂಬಿಕೊಂಡು ಹೋಗಲು. ಅಂಗಳದಲ್ಲಿ ಮೂರು ಫ್ರೇಮು ಬೋಳಾಗಿ ಬೇವಿನ ಮರಕ್ಕೆ ನೇತಾಡುತ್ತಿದ್ದವು, ನಾಲ್ಕನೆಯದು ಆಕೆಯ ಮುಂದಿತ್ತು. ಟ್ರಂಕು ಇಳಿಸಿ ಅವನು ಹತ್ತಿರದ ಫ್ರೇಮಿಗೆ ಕೈ ಚಾಚಿದ.

"ಅಣ್ಣಾ, ಕೈ ಹಚ್ಚಬ್ಯಾಡ," ಎಂದರು ಪಾರ್ವತಿಬಾಯಿ.

ಅವನು ಕೈ ಹಿಂದೆಗೆದುಕೊಂಡು ಮರದ ಕೆಳಗೆ ಕೂತ. ಬರುವುದಿಲ್ಲ ಎಂದು ಆಕೆ ಹೇಳಲಿಲ್ಲ. ಹೊರಡು ಎಂದು ಅವನೂ ಹೇಳಲಿಲ್ಲ. ನೀರು ಕುಡಿದ, ಚಹಾ ಕುಡಿದ, ನೋಡುತ್ತ ಕೂತ. ಸಂದಿಗೆ ಹಗ್ಗ ಸುತ್ತುವ ಹೊತ್ತಿಗೆ ನನಗೆ ಹೋಟೆಲಿಗೆ ಹೋಗಬೇಕಾಯಿತು. ನನ್ನ ತುದಿಯನ್ನು ಅವನ ಕೈಗೆ ಕೊಟ್ಟೆ. ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದಾಗ ಅಣ್ಣ ತಂಗಿ ಮಾತಾಡುವುದು ಕೇಳಿತು.

"ಇದು ಯಾವಾಗ ಕಲತಿ?"

"ಹದಿನೆಂಟು ವರ್ಷ ಆತಣ್ಣ."

"ಊರಾಗೆಲ್ಲ ನಮ್ಮ ಭಾವ ಭಾಳ ಚಲೋ ಸೈಕಲ್ ಮಾಡತಾನ ಅಂತ ಹೇಳಕೋತ ಬಂದೀನಿ."

"ಬಣ್ಣ ಅವರದೇ ಇತ್ತು. ಸುಳ್ಳೇನು ಹೇಳಿಲ್ಲ ನೀ."

ಅವನು ಹಗ್ಗ ಎಳೆದ. ಹಿಡಿ ಜೋರಿತ್ತು, ಕಾಳಿನ ಮೂಟೆ ಎತ್ತಿದ ಕೈ. "ಹಗೂರ ಎಳಿ, ಮೂಟಿ ಕಟ್ಟಲಕತ್ತಿಲ್ಲ," ಎಂದು ತಂಗಿ ಗದರಿದಳು. ಅಣ್ಣ ಹಗುರ ಮಾಡಿದ.

ಎರಡು ದಿನ ಇದ್ದು, ಹಗ್ಗ ಎಳೆದು, ರೊಟ್ಟಿ ತಿಂದು, ಶುಕ್ರವಾರ ಬೆಳಿಗ್ಗೆ ಅವನು ಭಾಲ್ಕಿಯ ದಾರಿಯ ಉದಗೀರಿನ ಬಸ್ಸಿಗೆ ಹೊರಟ. ಪಾರ್ವತಿಬಾಯಿಯೂ ನಾನೂ ನಿಲ್ದಾಣಕ್ಕೆ ಹೋದೆವು. ಟ್ರಂಕನ್ನು ನಾನು ಹೊತ್ತಿದ್ದೆ. ಬಸ್ಸು ಬಂದಾಗ ಅದನ್ನು ಮೇಲೆ ಹಾಕಲು ಹೋದೆ. ಮನ್ಮಥಪ್ಪ ನನ್ನ ಕೈಯಿಂದ ತೆಗೆದುಕೊಂಡು ತಂಗಿಯ ಕಾಲ ಹತ್ತಿರ ಇಟ್ಟ.

"ಇದು ಇಲ್ಲೇ ಇರಲಿ. ಬಣ್ಣದ ಡಬ್ಬಿ ಇಡಲಾಕ ಆಗತದ," ಎಂದ.

"ವೈನಿ ಕೇಳಿದ್ರ ಏನಂತಿ?" ಎಂದರು ಆಕೆ.

"ನನ್ನ ತಂಗಿಗಿ ಪುರಸತ್ತಿಲ್ಲ ಅಂತೀನಿ," ಎಂದು ಮನ್ಮಥಪ್ಪ ಖಾಲಿ ಕೈಯಲ್ಲಿ ಬಸ್ಸು ಹತ್ತಿದ.